ಒಂದು ಸೂರು, ಎರಡು ಯುಡೆವ್

ಲಿನಕ್ಸ್ ಭಕ್ತರ ಹತ್ತಿರ ಮೊದಲು ಸಿಗುವುದು ಸ್ವಾತಂತ್ರ್ಯದ ಭಾಷಣ. ಆಮೇಲೆ ಸಿಗುವುದು ‘ಬ್ಲಾಕ್’ ಎಂದು ತೋರಿಸುವ ಕೆಂಪು ಸಾಲು. ಶಿವಮೊಗ್ಗ ಜಿಲ್ಲೆಯ ಅರಳಸುರಳಿಯಲ್ಲಿ ಅಡಿಕೆ ಅಂಗಳದ ಪಕ್ಕ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತ, ಜೆಂಟೂ ಎಂಬ ಲಿನಕ್ಸ್ ಪಂಗಡದ ಭಕ್ತನಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಜಗಳ ಯುಡೆವ್‌ನದು. ಪೆನ್‌ಡ್ರೈವ್ ಚುಚ್ಚಿದರೆ ಲಿನಕ್ಸಿನ ತಿರುಳಾದ ಕರ್ನಲ್ ಕೂಗು ಹಾಕುತ್ತದೆ. ಬಂದವರಿಗೆ ಹೆಸರಿಟ್ಟು, ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ತೀರ್ಮಾನಿಸುವುದು ಯುಡೆವ್. 2003ರಿಂದ ತಾನಾಯಿತು ತನ್ನ ಕೆಲಸವಾಯಿತು ಎಂದಿದ್ದ ಇದನ್ನು 2012ರಲ್ಲಿ, ಯಂತ್ರದ ಸೇವೆಗಳನ್ನೆಲ್ಲ ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಎಂಬ ದೊಡ್ಡಮನೆಗೆ ಸೇರಿಸಿಕೊಂಡರು. ಆ ಯಜಮಾನಿಕೆ ಸಹಿಸದ ಜೆಂಟೂ ಮಂದಿ ಅದೇ ವರ್ಷ ಪಾಲಾಗಿ, ಇಯುಡೆವ್ ಎಂಬ ಬೇರೆ ಒಲೆ ಹೂಡಿದರು.

ಪಾಲಾದರೂ ಇಬ್ಬರಿಗೂ ಬೇಕಾದದ್ದು ಅದೇ ಜಗಲಿ. ಇಬ್ಬರೂ ತಂದಿಡುವುದು ಅದೇ ಹೆಸರಿನ ಲಿಬ್‌ಯುಡೆವ್ ಲೈಬ್ರರಿ, ಅದೇ ಹೆಸರಿನ ಯುಡೆವ್‌ಆಡ್ಮ್ ಆಜ್ಞೆ. ಹಾಗಾಗಿ ಒಬ್ಬ ಇರುವಾಗ ಇನ್ನೊಬ್ಬನಿಗೆ ಪ್ರವೇಶವಿಲ್ಲ. “ಎರಡೂ ಮಾಡೋದು ಒಂದೇ ಕೆಲಸ ಅಂದ್ರೆ ಜಗಳ ಎಂಥಕ್ಕೆ ಮಾರಾಯ?” ಎಂದು ಕೇಳಬೇಡಿ. ಕೆಲಸ ಒಂದೇ ಆಗಿರುವುದಕ್ಕೇ ಜಗಳ.

ಜೆಂಟೂವಿನಲ್ಲಿ ಪ್ಯಾಕೇಜು ಹಾಕುವ, ತೆಗೆಯುವ ಆಜ್ಞೆಯಾದ ‘ಎಮರ್ಜ್’ ಈ ವ್ಯಾಜ್ಯವನ್ನು ‘ಬ್ಲಾಕ್’ನ ‘ಬಿ’ ಎಂಬ ಒಂದೇ ಅಕ್ಷರದಲ್ಲಿ ಮುಗಿಸುತ್ತದೆ. ಅದು ಇಂಗ್ಲಿಷಿನ ಸಣ್ಣ ‘ಬಿ’ ಆಗಿದ್ದರೆ, ತಾನೇ ಹಳಬನನ್ನು ಎಬ್ಬಿಸಿ ಹೊಸಬನನ್ನು ಕೂರಿಸುತ್ತದೆ. ದೊಡ್ಡ ‘ಬಿ’ ಆಗಿದ್ದರೆ, ‘ನಿಮ್ಮ ಮನೆ ಜಗಳ ನೀವೇ ಬಗೆಹರಿಸಿಕೊಳ್ಳಿ’ ಎಂದು ಕೈತೊಳೆದುಕೊಳ್ಳುತ್ತದೆ.

ಇಷ್ಟು ಹಟದಿಂದ ಹೂಡಿದ ಒಲೆ ಏನಾಯಿತು? ನೋಡಿಕೊಳ್ಳುವ ಕೈಗಳು ಕಡಿಮೆಯಾದವು. ಸಿಸ್ಟಮ್‌ಡಿ ಇಲ್ಲದ ಯಂತ್ರದಲ್ಲೂ ಯುಡೆವ್ ಒಂದನ್ನೇ ಕಟ್ಟಿಕೊಳ್ಳಬಹುದು ಎಂಬುದೂ ಎಲ್ಲರಿಗೂ ಗೊತ್ತಿತ್ತು. 2021ರ ಆಗಸ್ಟ್‌ನಲ್ಲಿ ಜೆಂಟೂ, ಇಯುಡೆವ್‌ಗೆ ನಿವೃತ್ತಿ ಎಂದು ಸಾರಿತು. 2022ರ ಜನವರಿ 1 ಗಡುವು. ಪಾಲು ಕೇಳಿದವರೇ ವಾಪಸು ಹೋಗಿ ಎಂದರು.

ವಾಪಸು ಹೋಗುವುದು ಸುಲಭವೇ? ನೀವೇ ಹೇಳಿ ಹಾಕಿಸಿಕೊಂಡ ಪ್ಯಾಕೇಜಿನ ಹೆಸರು ‘ವರ್ಲ್ಡ್’ ಕಡತದಲ್ಲಿ ಕೂತಿರುತ್ತದೆ. ಪಹಣಿಯಲ್ಲಿ ಹೆಸರಿದ್ದವನನ್ನು ಎಬ್ಬಿಸುವುದುಂಟೆ? ದೊಡ್ಡ ‘ಬಿ’ ಹುಟ್ಟುವುದು ಎಷ್ಟೋ ಸಲ ಇಲ್ಲೇ. ಮೊದಲು ‘ಡಿಸೆಲೆಕ್ಟ್’ ಎಂದು ಹೆಸರು ಹೊಡೆಸಬೇಕು. ಆಮೇಲೆ ಯುಡೆವ್‌ನನ್ನು ‘ಒನ್‌ಶಾಟ್’ ಎಂದು ಕರೆಸಬೇಕು. ಅಂದರೆ ಬಂದು ದುಡಿ, ದಾಖಲೆಯಲ್ಲಿ ಮಾತ್ರ ಹೆಸರು ಕೇಳಬೇಡ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದ ಸೀಮೆಯಲ್ಲಿ ಇಂಥ ಆಜ್ಞೆಯನ್ನು ಸ್ವಲ್ಪ ಮೆಲ್ಲಗೆ ಟೈಪಿಸುವುದು ಒಳ್ಳೆಯದು.

ಹಳಬನನ್ನು ತೆಗೆದು, ಹೊಸಬ ಬರುವ ಮೊದಲೇ ಯಂತ್ರ ರೀಬೂಟ್ ಮಾಡಿದಿರೋ, ಪರದೆ ಬಂದರೂ ಕೀಬೋರ್ಡು ಮೌಸು ಮಾತಾಡದೆ ಕೂರಬಹುದು. ಮಳೆಗಾಲದ ಮಲೆನಾಡಿನಲ್ಲಿ ರೀಬೂಟ್ ಮಾಡಲು ನೀವೇ ಬೇಕೆಂದಿಲ್ಲ, ಆ ಸೇವೆಯನ್ನು ಕರೆಂಟೇ ಒದಗಿಸುತ್ತದೆ. ಎಲ್ಲ ಸರಿಹೋದರೂ, ನಿನ್ನೆ ‘ಈಥ್0’ ಎಂದಿದ್ದ ನೆಟ್‌ವರ್ಕ್ ಕಾರ್ಡು ಇವತ್ತು ‘ಇಎನ್‌ಪಿ3ಎಸ್0’ ಎಂದು ಹೆಸರು ಬದಲಿಸಿಕೊಂಡು ನೆಟ್‌ವರ್ಕ್ ನಿಲ್ಲಬಹುದು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಅದೇ 2021ರಲ್ಲಿ ಕೂಗೆದ್ದ ಜಿಲ್ಲೆ ನಮ್ಮದು. ಇಲ್ಲಿ ನೆಟ್‌ವರ್ಕ್ ಹೋದರೆ ಯಾರೂ ಯುಡೆವ್ ಮೇಲೆ ಅನುಮಾನ ಪಡುವುದಿಲ್ಲ. ತಪ್ಪಿತಸ್ಥನಿಗೆ ಇದಕ್ಕಿಂತ ಸುರಕ್ಷಿತ ಊರು ಬೇರೆಯಿಲ್ಲ.

ಇಷ್ಟೆಲ್ಲ ಪಾಡು ಪಟ್ಟು ಯುಡೆವ್‌ಗೆ ಬಂದವರಿಗೆ 2022ರಲ್ಲೇ ಬಹುಮಾನವೂ ಸಿಕ್ಕಿತು. ಜೆಂಟೂ ಆ ಪ್ಯಾಕೇಜನ್ನು ಇನ್ನೊಂದೆರಡರ ಜೊತೆ ಕಲಸಿ ಹೊಸ ಹೆಸರಿಟ್ಟಿತು: ಸಿಸ್ಟಮ್‌ಡಿ-ಯುಟಿಲ್ಸ್. ಸಿಸ್ಟಮ್‌ಡಿ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದವನ ಯಂತ್ರದಲ್ಲಿ ಈಗ ಅದೇ ಹೆಸರಿನ ಬೋರ್ಡು.

ಇಯುಡೆವ್ ಸತ್ತಿಲ್ಲ. ಡೆವುವಾನ್, ಆಲ್ಪೈನ್ ಎಂಬ ಬೇರೆ ಲಿನಕ್ಸ್ ಪಂಗಡಗಳ ಕಡೆಯವರೂ ಕೈಜೋಡಿಸಿ ಉಳಿಸಿಕೊಂಡಿದ್ದಾರೆ. ಸಿಸ್ಟಮ್‌ಡಿಯ ಯುಡೆವ್‌ನಲ್ಲಾದ ಬದಲಾವಣೆಗಳನ್ನು ಹೆಕ್ಕಿ ತಂದು ಇದಕ್ಕೂ ಹಾಕುತ್ತಾರೆ. ಸ್ವಾತಂತ್ರ್ಯ ಎಂದರೆ ಇದೇ ಇರಬೇಕು: ಒಲೆ ನಮ್ಮದು, ಸೌದೆ ನಮ್ಮದು, ಅಕ್ಕಿ ಮಾತ್ರ ದೊಡ್ಡಮನೆಯದು.