ಔಷಧಕ್ಕೆ ಹೆಸರಿಡುವ ಮಹನೀಯರಿಗೊಂದು ಬಹಿರಂಗ ಪತ್ರ

ಇವರಿಗೆ,
ಔಷಧಗಳಿಗೆ ಹೆಸರಿಡುವ ಸಮಿತಿಗಳು, ಆ ಹೆಸರುಗಳನ್ನು ಅರ್ಧ ನುಂಗಿ ಡಿಕ್ಟೇಟ್ ಮಾಡುವ ವೈದ್ಯರು ಮತ್ತು ಲೈನ್ ಲೆಕ್ಕದಲ್ಲಿ ಕೂಲಿ ಕೊಡುವ ವ್ಯವಸ್ಥಾಪಕರು

ವಿಷಯ: ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಔಷಧದ ಹೆಸರು ಖಚಿತಪಡಿಸಿಕೊಳ್ಳುವ ಕೆಲಸಕ್ಕೆ ಸೊನ್ನೆ ಲೈನ್ ಮಂಜೂರು ಮಾಡಿರುವುದಕ್ಕೆ ಕೃತಜ್ಞತೆ ಸಲ್ಲಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ವೈದ್ಯರು ರೋಗಿಯನ್ನು ನೋಡಿದ ಮೇಲೆ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿ, ವರದಿಯಾಗಿ ಟೈಪ್ ಮಾಡುವುದೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ಅಮೆರಿಕದ ಈ ಕೆಲಸ 1990ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿಗೂ ಬಂತು. ಕೂಲಿ ಸಾಮಾನ್ಯವಾಗಿ ಲೈನ್ ಲೆಕ್ಕದಲ್ಲಿ. 65 ಅಕ್ಷರಕ್ಕೆ ಒಂದು ಲೈನ್. ಮೈಯ ನೀರಿಳಿಸುವ ಲೇಸಿಕ್ಸ್ ಇಂಗ್ಲಿಷಿನಲ್ಲಿ ಐದಕ್ಷರ, ಅಂದರೆ ಲೈನಿನ ಹದಿಮೂರನೇ ಒಂದು ಪಾಲು. ಹೊಟ್ಟೆಯ ಆಮ್ಲ ತಗ್ಗಿಸುವ ಲೋಸೆಕ್ ಕೂಡ ಐದೇ ಅಕ್ಷರ. ವೈದ್ಯರು ಹೇಳಿದ್ದು ಇದೋ ಅದೋ ಎಂದು ಪತ್ತೆ ಹಚ್ಚಲು ಹತ್ತು ನಿಮಿಷ ಹಿಡಿದರೂ ಕೂಲಿ ಏರುವುದಿಲ್ಲ. ತೋಚಿದ್ದನ್ನು ಹೊಡೆದು ಮುಂದೆ ಹೋದರೂ ಇಳಿಯುವುದಿಲ್ಲ. ಇಂಥ ಸಮಾನತೆಯನ್ನು ಜಾರಿಗೆ ತಂದ ವ್ಯವಸ್ಥಾಪಕ ವರ್ಗ ಅಭಿನಂದನಾರ್ಹ.

ಸಾಮಾನ್ಯವಾಗಿ ಒಂದು ಔಷಧಕ್ಕೆ ಎರಡು ಹೆಸರು: ಜೆನೆರಿಕ್ ಒಂದು, ಬ್ರ್ಯಾಂಡ್ ಒಂದು. ಜೆನೆರಿಕ್ ಹೆಸರುಗಳಲ್ಲಿ ಒಂದು ಶಿಸ್ತು ಇದೆ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ನಡೆಸಿಕೊಂಡು ಬಂದಿರುವ ಪದ್ಧತಿಯಲ್ಲಿ ಔಷಧದ ಕುಲವನ್ನು ಹೆಸರಿನ ಬಾಲ ಹೇಳುತ್ತದೆ. ‘ಓಲಾಲ್’ ಎಂದು ಮುಗಿದರೆ ಬೀಟಾ ಬ್ಲಾಕರ್, ‘ಪ್ರಿಲ್’ ಅಥವಾ ‘ಸಾರ್ಟಾನ್’ ಎಂದರೆ ಬಿ.ಪಿ. ಮಾತ್ರೆ, ‘ಸ್ಟಾಟಿನ್’ ಎಂದರೆ ಕೊಲೆಸ್ಟ್ರಾಲ್‌ನದು. ಹೊಸಬರು ಇಷ್ಟು ಬಾಯಿಪಾಠ ಮಾಡಿ ಧೈರ್ಯ ತಂದುಕೊಳ್ಳುವಷ್ಟರಲ್ಲಿ ನಿಸ್ಟಾಟಿನ್ ಎದುರಾಗುತ್ತದೆ. ಅದು ಫಂಗಸ್ ಸೋಂಕಿನ ಔಷಧ. ನ್ಯೂಯಾರ್ಕ್ ಸ್ಟೇಟ್‌ನಿಂದ ಹುಟ್ಟಿದ ಹೆಸರು. ಹೆಸರಿಟ್ಟವರ ನಾಡಭಿಮಾನಕ್ಕೆ ನಮಸ್ಕಾರ.

ಬ್ರ್ಯಾಂಡ್ ಹೆಸರುಗಳಲ್ಲಿ ಶಿಸ್ತಿನ ಕಾಟವೂ ಇಲ್ಲ. ಲೇಸಿಕ್ಸ್ ಜೊತೆ ಗೊಂದಲವಾಗುತ್ತದೆಂದು ಅಮೆರಿಕದಲ್ಲಿ ಲೋಸೆಕ್‌ನ ಹೆಸರನ್ನು 1990ರಲ್ಲಿ ಪ್ರೈಲೋಸೆಕ್ ಎಂದು ಬದಲಿಸಿದರು. ಆ ಮೇಲೆ ಅದು ಖಿನ್ನತೆಯ ಮಾತ್ರೆ ಪ್ರೋಜ್ಯಾಕ್ ಜೊತೆ ಗೊಂದಲವಾಗತೊಡಗಿತು. ಕ್ಯಾಪಿಡೆಕ್ಸ್ ಎಂಬ ಹೊಟ್ಟೆಯ ಔಷಧ ಪ್ರಾಸ್ಟೇಟ್ ಕ್ಯಾನ್ಸರಿನ ಕ್ಯಾಸೋಡೆಕ್ಸ್‌ನಂತೆ ಕೇಳಿಸಿದ್ದರಿಂದ 2010ರಲ್ಲಿ ಡೆಕ್ಸಿಲಂಟ್ ಆಯಿತು. ಬ್ರಿಂಟೆಲಿಕ್ಸ್ ಎಂಬ ಖಿನ್ನತೆಯ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬ್ರಿಲಿಂಟಾ ಜೊತೆ ಬೆರೆತು 2016ರಲ್ಲಿ ಟ್ರಿಂಟೆಲಿಕ್ಸ್ ಆಯಿತು. ಮಾರುಕಟ್ಟೆಗೆ ಬಿಡುವ ಮುನ್ನವೇ ಹೆಸರುಗಳನ್ನು ಕಿವಿಗೂ ಕಣ್ಣಿಗೂ ಒಡ್ಡಿ ಪರೀಕ್ಷಿಸುವ ವ್ಯವಸ್ಥೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿದೆ. ಅದನ್ನೂ ದಾಟಿ ಬರುವ ಹೆಸರುಗಳು ಹೆಡ್‌ಫೋನ್ ಹಾಕಿಕೊಂಡು ಕೂತವರ ಪಾಲಿಗೆ ಮೀಸಲು.

ಒಂದೇ ತರಹ ಕಾಣುವ ಹೆಸರುಗಳಲ್ಲಿ ಬೇರೆಯಾಗುವ ಭಾಗವನ್ನು ದೊಡ್ಡಕ್ಷರದಲ್ಲಿ ಅಚ್ಚು ಮಾಡುವ ಉಪಾಯವನ್ನು ಎಫ್‌ಡಿಎ 2001ರಲ್ಲಿ ಮುಂದಿಟ್ಟಿತು. ಬಿ.ಪಿ.ಯ ಹೈಡ್ರಾಲಜಿನ್, ತುರಿಕೆಯ ಹೈಡ್ರಾಕ್ಸಿಜಿನ್ ಈ ಬಗೆಯ ಜೋಡಿ. ಔಷಧದ ಬಾಟಲಿ ನೋಡುವ ನರ್ಸಿಗೆ ಇದರಿಂದ ಅನುಕೂಲವಿದೆ. ಡಿಕ್ಟೇಷನ್‌ನಲ್ಲಿ ದೊಡ್ಡಕ್ಷರ ಕೇಳಿಸುವುದಿಲ್ಲ ಎಂಬುದಷ್ಟೇ ಕೊರತೆ.

ಇನ್ನು ವೈದ್ಯರು. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರನ್ನು ಮೂರು ಸಲ ಹೇಳುತ್ತಾರೆ. ಡಿಕ್ಟೇಷನ್‌ನಲ್ಲಿ ಒಂದೇ ಸಲ, ಅದೂ ತುತ್ತು ಬಾಯಲ್ಲಿರುವಾಗ. ಹಾಗಾಗಿ ಪತ್ತೆ ಕೆಲಸಕ್ಕೆ ಒಂದು ಕ್ರಮ ರೂಢಿಗೆ ಬಂದಿದೆ. ‘ಸೆಲೆ’ ಎಂಬಷ್ಟು ಕೇಳಿಸಿತು, ಉಳಿದದ್ದು ಕೆಮ್ಮಿನಲ್ಲಿ ಹೋಯಿತು, ‘20 ಮಿಲಿಗ್ರಾಂ, ದಿನಕ್ಕೊಂದು’ ಎಂಬುದು ಮಾತ್ರ ಸ್ಪಷ್ಟ ಎಂದಿಟ್ಟುಕೊಳ್ಳಬಹುದು. ಮೊದಲು ಫುಟ್ ಪೆಡಲ್ ಒತ್ತಿ ಹಿಂದಕ್ಕೆ ಹೋಗಿ, ವೇಗ ತಗ್ಗಿಸಿ ಮತ್ತೆ ಕೇಳಬೇಕು. ಆಮೇಲೆ ಡೋಸ್ ನೋಡಬೇಕು: ಸೆಲೆಕ್ಸಾ 10, 20, 40 ಮಿಲಿಗ್ರಾಂಗಳಲ್ಲಿ ಸಿಗುತ್ತದೆ; ಸೆಲೆಬ್ರೆಕ್ಸ್ 50ರಿಂದ ಶುರುವಾಗಿ 100, 200ಕ್ಕೆ ಹೋಗುತ್ತದೆ; ಇದೇ ಧಾಟಿಯ ಸೆರೆಬಿಕ್ಸ್ ಮಾತ್ರೆಯೇ ಅಲ್ಲ, ಫಿಟ್ಸ್‌ಗೆ ಕೊಡುವ ಇಂಜೆಕ್ಷನ್. ಮೂರನೆಯದಾಗಿ ಕಾಯಿಲೆ: ವರದಿಯಲ್ಲಿ ಖಿನ್ನತೆ ಇದ್ದರೆ ಸೆಲೆಕ್ಸಾ, ಕೀಲುನೋವಾದರೆ ಸೆಲೆಬ್ರೆಕ್ಸ್. ರೋಗಿಗೆ ಎರಡೂ ಇದ್ದರೆ ಹಳೆಯ ವರದಿ ತೆಗೆಯಬೇಕು. ಕೊನೆಗೆ ಡ್ರಗ್ ಬುಕ್ ತೆರೆದು ಸ್ಪೆಲಿಂಗ್ ತಾಳೆ ನೋಡಬೇಕು. ಅಲ್ಲಿಯೂ ಕಿವಿ ಹೇಳಿದ ಅಕ್ಷರದಲ್ಲಿ ಹುಡುಕಿದರೆ ಸಿಗದು: ಝ್ಯಾನಾಕ್ಸ್, ಝರೆಲ್ಟೊ ಎರಡೂ ಎಕ್ಸ್ ಅಕ್ಷರದ ಅಡಿಯಲ್ಲಿ ಕೂತಿರುತ್ತವೆ.

ಹೆಸರು ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯದು. ಜೆನೆರಿಕ್ ಆದರೆ ಸಣ್ಣಕ್ಷರದಿಂದ, ಬ್ರ್ಯಾಂಡ್ ಆದರೆ ದೊಡ್ಡಕ್ಷರದಿಂದ ಶುರು ಮಾಡಬೇಕು. ಮೆಟೊಪ್ರೊಲಾಲ್ ಎಂದು ನಿಲ್ಲಿಸುವಂತಿಲ್ಲ; ಸಕ್ಸಿನೇಟ್ ಆದರೆ ದಿನಕ್ಕೆ ಒಂದು ಸಲ, ಟಾರ್ಟ್ರೇಟ್ ಆದರೆ ಸಾಮಾನ್ಯವಾಗಿ ಎರಡು ಸಲ. ಬೆಂಗಳೂರಿನಲ್ಲಿ ಕೂತವರಿಗೆ ಇನ್ನೊಂದು ವಿಶೇಷ ಸೌಲಭ್ಯವಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಉಬ್ಬಸಕ್ಕೆ ಸಾಲ್ಬುಟಮಾಲ್ ನುಂಗಿ ಬೆಳೆದವರು ಹೆಡ್‌ಫೋನ್ ಹಾಕಿದೊಡನೆ ಅವನ್ನು ಅಸಿಟಮಿನೋಫೆನ್, ಆಲ್ಬ್ಯೂಟೆರಾಲ್ ಎಂದು ಗುರುತು ಹಿಡಿಯಬೇಕು.

ಸ್ಪೆಲ್‌ಚೆಕ್ ಇದೆಯಲ್ಲ ಎಂದು ವ್ಯವಸ್ಥಾಪಕರು ಕೇಳುವುದುಂಟು. ಇದೆ. ತಪ್ಪಾಗಿ ಬರೆದ ಹೆಸರಿನ ಕೆಳಗೆ ಅದು ಕೆಂಪು ಗೆರೆ ಎಳೆಯುತ್ತದೆ. ಫಿಟ್ಸ್ ಬರುವ ರೋಗಿಗೆ ಲ್ಯಾಮಿಕ್ಟಲ್ ಬದಲು, ಉಗುರಿನ ಫಂಗಸ್‌ಗೆ ಕೊಡುವ ಲ್ಯಾಮಿಸಿಲ್ ಎಂದು ಸರಿಯಾಗಿ ಬರೆದರೆ ಗೆರೆ ಬೀಳುವುದಿಲ್ಲ. ಕಾಗುಣಿತ ತಪ್ಪಿದ ಹೆಸರನ್ನು ಓದಿದ ಫಾರ್ಮಸಿಸ್ಟ್ ಅನುಮಾನಪಟ್ಟು ಫೋನ್ ಮಾಡಿಯಾರು. ಕಾಗುಣಿತ ಸರಿಯಿರುವ ತಪ್ಪು ಹೆಸರು ಯಾರನ್ನೂ ಎಚ್ಚರಿಸದೆ ಮುಂದೆ ಸಾಗುತ್ತದೆ. ಈಗ ಮಾತನ್ನು ಅಕ್ಷರ ಮಾಡುವ ಯಂತ್ರಗಳೂ ಬಂದಿವೆ. ಅವುಗಳ ಕಾಗುಣಿತ ನಿರ್ದುಷ್ಟ. ಕೇಳಿಸದಿದ್ದಾಗಲೂ ಏನಾದರೊಂದು ಬರೆದೇ ಬರೆಯುತ್ತವೆ. ಅದನ್ನು ತಿದ್ದುವವರಿಗೆ ಟೈಪ್ ಮಾಡುವುದಕ್ಕಿಂತ ಕಡಿಮೆ ದರ.

ಎಷ್ಟು ಹುಡುಕಿದರೂ ಸಿಗದಿದ್ದರೆ ಜಾಗ ಖಾಲಿ ಬಿಟ್ಟು, ನಿಮಿಷ-ಸೆಕೆಂಡು ನಮೂದಿಸಿ, ಗುಣಮಟ್ಟ ಪರಿಶೀಲಿಸುವ ಕ್ಯೂಎ ವಿಭಾಗಕ್ಕೆ ಕಳಿಸಬೇಕೆಂಬುದು ಈ ವೃತ್ತಿಯ ಮೂಲ ನಿಯಮ. ಊಹೆ ಸಲ್ಲದು. ಆದರೆ ಬ್ಲ್ಯಾಂಕ್ ಹೆಚ್ಚಾದರೆ ಅಂಕ ಕಡಿತ. ಅಂಕ ಹೋದರೆ ಇನ್ಸೆಂಟಿವ್ ಕಡಿತ. ಊಹೆ ಹೊಡೆದವರು ಸಿಕ್ಕಿಬಿದ್ದರೆ ಮಾತ್ರ ದಂಡ ತೆರುತ್ತಾರೆ, ಪ್ರಾಮಾಣಿಕವಾಗಿ ಖಾಲಿ ಬಿಟ್ಟವರು ಪ್ರತಿಸಲವೂ.

ಟೈಪಿಂಗಿನ ತಪ್ಪೊಂದರ ಬೆಲೆ ಏನೆಂಬುದಕ್ಕೆ ಕೋರ್ಟಿನ ಲೆಕ್ಕವೊಂದಿದೆ. 2008ರಲ್ಲಿ ಅಲಬಾಮಾದ ಮಧುಮೇಹಿಯೊಬ್ಬರ ಡಿಸ್ಚಾರ್ಜ್ ಸಮರಿಯಲ್ಲಿ ಲೆವೆಮಿರ್ ಇನ್ಸುಲಿನ್ 8 ಯೂನಿಟ್ ಎಂಬುದು 80 ಎಂದಾಯಿತು. ಅಷ್ಟನ್ನೂ ಕೊಡಲಾಯಿತು, ರೋಗಿ ಬದುಕಲಿಲ್ಲ. ಟೈಪಿಂಗ್ ಕೆಲಸ ಭಾರತಕ್ಕೆ ಹೊರಗುತ್ತಿಗೆ ಹೋಗಿತ್ತು. 2012ರಲ್ಲಿ ಜ್ಯೂರಿ ವಿಧಿಸಿದ ಪರಿಹಾರ 14 ಕೋಟಿ ಡಾಲರ್. ಅಲ್ಲಿ ಹೆಚ್ಚಾದದ್ದು ಒಂದು ಸೊನ್ನೆ, ಒಂದು ಲೈನಿನ 65ನೇ ಒಂದು ಪಾಲು.

ಆದಕಾರಣ ಈ ಕೆಳಕಂಡಂತೆ ಕೋರಲಾಗಿದೆ. ಹೊಸ ಹೆಸರನ್ನು ಅಂತಿಮಗೊಳಿಸುವ ಮುನ್ನ ಸಮಿತಿಯ ಸದಸ್ಯರು, ಗರಗರ ಎನ್ನುವ ಫೋನ್ ಲೈನಿನಲ್ಲಿ ರೆಕಾರ್ಡಾದ ಆ ಹೆಸರನ್ನು ಒಮ್ಮೆ ತಾವೇ ಟೈಪ್ ಮಾಡಿ ನೋಡಬೇಕು. ವೈದ್ಯರು ಔಷಧದ ಹೆಸರು ಹೇಳುವಾಗ ತುತ್ತು ನುಂಗಿರಬೇಕು. ಹೊಸ ಔಷಧವಾದರೆ ಸ್ಪೆಲಿಂಗ್ ಕೂಡ ಹೇಳಬೇಕು. ಹುಡುಕಿಯೂ ಸಿಗದೆ ಬಿಟ್ಟ ಪ್ರತಿ ಬ್ಲ್ಯಾಂಕಿಗೆ ವ್ಯವಸ್ಥಾಪಕರು ಪೂರ್ತಿ ಒಂದು ಲೈನಿನ ಕೂಲಿ ಕೊಡಬೇಕು.

ಇಂತಿ,
65 ಅಕ್ಷರಗಳ ಲೆಕ್ಕದಲ್ಲಿ ದುಡಿಯುವವರ ಪರವಾಗಿ

ಪ್ರತಿ: ರೋಗಿಗೆ, ಮಾಹಿತಿಗಾಗಿ.