ಉಭಯಲೋಕಾಧೀಶ್ವರನ ಮೀಸೆ: ಸೇಡಿನ ಬಗ್ಗೆ ಒಂದು ಶಾಸ್ತ್ರೀಯ ವಿಚಾರ

ಮಿರಜ-ಸಾಂಗಲಿ ಸೀಮೆಯ ಇತಿಹಾಸವನ್ನು ಈವರೆಗೆ ಕೋಟೆ, ಜಹಗೀರು, ಕರಾರುಪತ್ರದಂಥ ಕ್ಷುಲ್ಲಕ ಸಂಗತಿಗಳನ್ನು ಹಿಡಿದು ಬರೆಯಲಾಗಿದೆ. ಆ ಇತಿಹಾಸವನ್ನು ನಡೆಸಿದ್ದು ಮೀಸೆ ಎಂದು ಸ್ಥಾಪಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಈ ಶಾಸ್ತ್ರಕ್ಕೆ ‘ಶ್ಮಶ್ರುರಾಜನೀತಿ’ ಎಂದು ನಾವೇ ನಾಮಕರಣ ಮಾಡಿದ್ದೇವೆ. ಬೇರಾರೂ ಇದರಲ್ಲಿ ದುಡಿದಿಲ್ಲವಾದ್ದರಿಂದ ಪ್ರಬಂಧಕಾರನೇ ಈ ಕ್ಷೇತ್ರದ ಅಗ್ರಗಣ್ಯ ವಿದ್ವಾಂಸ.

ನಮ್ಮ ಪ್ರಮೇಯಪುರುಷ ಧೋಂಡಿಯಾ ವಾಘ್. ಚನ್ನಗಿರಿಯಲ್ಲಿ ಹುಟ್ಟಿ, ಹೈದರನ ಸೈನ್ಯದಲ್ಲಿ ಕುದುರೆ ಏರಿದವನು. 1792ರಲ್ಲಿ ಟಿಪ್ಪು ಸೋತಾಗ ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಲಕ್ಷ್ಮೇಶ್ವರ, ಹಾವೇರಿ, ಸವಣೂರಿನ ಕಡೆ ಬಂದು ಸ್ವಂತ ವಹಿವಾಟು ಶುರುಮಾಡಿದ. ಅದು ಮರಾಠರ ಸೀಮೆ. ಲೆಕ್ಕ ಕೇಳಲು ಬಂದವನು ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ. 1794ರಲ್ಲಿ ಅವನ ಕೈಲಿ ಏಟು ತಿಂದ ಧೋಂಡಿಯಾ ಟಿಪ್ಪುವಿನ ಮೊರೆಹೊಕ್ಕ. ಟಿಪ್ಪು ಹೊಸ ಧರ್ಮ, ಹೊಸ ಹೆಸರು ಕೊಟ್ಟು ಕೊನೆಗೆ ಶ್ರೀರಂಗಪಟ್ಟಣದ ಸೆರೆಮನೆಯನ್ನೂ ಕೊಟ್ಟ. ಆಶ್ರಯಕ್ಕೆ ಅಷ್ಟು ದಪ್ಪ ಗೋಡೆಯನ್ನು ಅವನು ಬೇಡಿರಲಿಲ್ಲ.

1799ರ ಮೇ 4ರಂದು ಕೋಟೆ ಬಿತ್ತು, ಸೆರೆಯ ಬಾಗಿಲು ತೆರೆಯಿತು. ಕೆಲಸ ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳನ್ನು ಸೇರಿಸಿಕೊಂಡು ಅವನು ತನಗೆ ‘ಉಭಯಲೋಕಾಧೀಶ್ವರ’ ಎಂದು ಬಿರುದು ಇಟ್ಟುಕೊಂಡ. ಇಹಲೋಕದಲ್ಲಿ ಅವನಿಗೆ ಒಂದು ತಾಲ್ಲೂಕೂ ಗಟ್ಟಿಯಾಗಿರಲಿಲ್ಲ. ಪರಲೋಕದ ದಸ್ತರ ನಮಗೆ ಲಭ್ಯವಿಲ್ಲ. ಆಗಸ್ಟಿನಲ್ಲಿ ಕಂಪನಿಯ ಪಡೆ ಶಿಕಾರಿಪುರದಿಂದ ಅವನನ್ನು ಅಟ್ಟಿತು. ಮರಾಠರ ಸೀಮೆಗೆ ದಾಟಿದರೆ ಅಲ್ಲಿಯೂ ಅದೇ ಗೋಖಲೆ! ಆನೆ, ಒಂಟೆ, ತೋಪು ಎಲ್ಲ ಕಿತ್ತುಕೊಂಡ.

ಗೋಖಲೆಯ ಎದೆರಕ್ತದಲ್ಲಿ ಮೀಸೆ ಅದ್ದುತ್ತೇನೆಂಬ ಧೋಂಡಿಯಾನ ಪ್ರತಿಜ್ಞೆಯನ್ನು ಇತಿಹಾಸಕಾರರು ದಾಖಲಿಸಿದ್ದಾರೆ, ವಿಮರ್ಶಿಸಿಲ್ಲ. ಭೀಮನ ಪ್ರತಿಜ್ಞೆ ಪರಾವಲಂಬಿ: ರಕ್ತ ದುಶ್ಶಾಸನನದು, ಮುಡಿ ದ್ರೌಪದಿಯದು, ಆಕೆ ವರ್ಷಗಟ್ಟಲೆ ಕೂದಲು ಬಿಚ್ಚಿಕೊಂಡು ಕಾಯಬೇಕು. ಧೋಂಡಿಯಾನದು ಸ್ವಾವಲಂಬಿ. ಮೀಸೆ ತನ್ನದೇ, ಕಾಯುವವನೂ ತಾನೇ. ಮಹಾಕಾವ್ಯದಿಂದ ಗೃಹೋದ್ಯಮಕ್ಕೆ ಸೇಡು ಇಳಿದುಬಂದ ಘಟ್ಟ ಇದು. 1800ರ ಜೂನ್ 30ರಂದು ಕಿತ್ತೂರಿನ ಬಳಿ ಅವನು ಗೋಖಲೆಯನ್ನು ಕೊಂದ, ಮೀಸೆಯನ್ನೂ ಅದ್ದಿದ. ಗೋಖಲೆಯ ಜೊತೆಗಿದ್ದ, ಮಿರಜದ ಜಹಗೀರುದಾರರಾದ ಪಟವರ್ಧನರ ಮನೆತನದ ತರುಣ ಚಿಂತಾಮಣರಾವ್ ಗಾಯಗೊಂಡ. (ಕಿತ್ತೂರು, ಅಥಣಿಯವರೆಲ್ಲ ಗಾಯಾಳುಗಳನ್ನು ‘ಮಿರಜ ದವಾಖಾನಿ’ಗೆ ಒಯ್ಯುವ ಕಾಲ ಅದಲ್ಲ. ವಾನ್ಲೆಸ್ ಸಾಹೇಬರು ಅಲ್ಲಿ ಆಸ್ಪತ್ರೆ ತೆರೆದದ್ದು 1894ರಲ್ಲಿ.)

ಇಲ್ಲಿ ಪೂರ್ವಪಕ್ಷಿಗಳು ಎದ್ದು ನಿಲ್ಲುತ್ತಾರೆ. ಕಿತ್ತೂರ ಚೆನ್ನಮ್ಮನಿಗಿಂತ 24 ವರ್ಷ ಮೊದಲೇ ಕಂಪನಿಯ ಮೇಲೆ ಕತ್ತಿ ಹಿರಿದ ಧೋಂಡಿಯಾ ಸ್ವಾತಂತ್ರ್ಯವೀರ ಎಂದು ಒಬ್ಬರು. ಶುದ್ಧ ದರೋಡೆಕೋರ ಎಂದು ಇನ್ನೊಬ್ಬರು. ಸಿದ್ಧಾಂತ: ಶ್ರೀರಂಗಪಟ್ಟಣದತ್ತ ಮುಖ ಮಾಡಿದಾಗ ವೀರ, ಮಿರಜದತ್ತ ಮುಖ ಮಾಡಿದಾಗ ದರೋಡೆಕೋರ. ಕುದುರೆಯ ಮೇಲಿದ್ದವನು ತಿರುಗುತ್ತಲೇ ಇರುತ್ತಾನೆ.

ಆ ಹೊತ್ತಿಗೆ ಸೀಮೆಯ ಉಳಿದ ಮೀಸೆಗಳೂ ಖಾಲಿ ಕೂತಿರಲಿಲ್ಲ. 1799ರಲ್ಲಿ ಪಟವರ್ಧನರ ಹಿರಿಯ ಪರಶುರಾಮಭಾವು ಪಟ್ಟಣಕೊಡೋಲಿಯ ಬಳಿ ಕೊಲ್ಹಾಪುರದವರೆದುರು ಬಿದ್ದಿದ್ದ, ಅದರ ಸೇಡಿಗೆ ಮಗ ಹೋಗಿ ಕೊಲ್ಹಾಪುರಕ್ಕೆ ಮುತ್ತಿಗೆ ಹಾಕಿದ್ದ. ಮಿರಜದ ವಾಡೆಯೊಳಗೆ ಚಿಂತಾಮಣರಾವ್ ಮತ್ತು ಕಾಕಾ ಗಂಗಾಧರರಾಯರ ಜಗಳ. 1801ರಲ್ಲಿ ಸಾಂಗಲಿ ಬೇರೆಯಾಯಿತು. ಇತ್ತ ಗೋಖಲೆಯ ಅಣ್ಣನ ಮಗ ಬಾಪು, ಕಾಕಾನ ಸೇಡು ತೀರಿಸಲು ಕಂಪನಿಯ ದಂಡನ್ನು ಸೇರಿದ. ಒಬ್ಬ ಕಾಕಾನಿಗಾಗಿ, ಇನ್ನೊಬ್ಬ ಕಾಕಾನ ಮೇಲೆ. ಮರಾಠರ ರಾಜ್ಯಶಾಸ್ತ್ರದಲ್ಲಿ ಕಾಕಾನ ಸ್ಥಾನ ಪ್ರತ್ಯೇಕ ಸಂಪುಟಕ್ಕೆ ಅರ್ಹ.

ಇಷ್ಟು ಮೀಸೆಗಳ ನಡುವೆ ಧೋಂಡಿಯಾನನ್ನು ಹಿಡಿಯಲು ಕಂಪನಿಯ ದಂಡಿನೊಡನೆ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಮೀಸೆಯೇ ಇರಲಿಲ್ಲ. ಪ್ರಬಂಧದ ಮುಖ್ಯ ಶೋಧನೆ ಇದೇ. ಅದ್ದಲು, ತಿರುವಲು, ಬೋಳಿಸಿಕೊಳ್ಳುತ್ತೇನೆಂದು ಪಣ ತೊಡಲು ಏನೂ ಇಲ್ಲದ ಮನುಷ್ಯ ನಕ್ಷೆ ನೋಡುತ್ತಾನೆ, ಎತ್ತಿನ ಬಂಡಿ ಎಣಿಸುತ್ತಾನೆ. ಧೋಂಡಿಯಾನ ಕೈಯಿಂದ ರಾಣೆಬೆನ್ನೂರು, ಕುಂದಗೋಳ, ಡಂಬಳ ಕೋಟೆಗಳು ಒಂದೊಂದಾಗಿ ಹೋದವು. ಜುಲೈ 30ರಂದು ಮುನವಳ್ಳಿಯಲ್ಲಿ ಧೋಂಡಿಯಾನ ಡೇರೆ, ಜನ, ಜಾನುವಾರುಗಳನ್ನು ವೆಲ್ಲೆಸ್ಲಿ ಮಲಪ್ರಭೆಗೆ ನೂಕಿದ. ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ನಾಲ್ಕು ರಿಸಾಲೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಉಭಯಲೋಕಾಧೀಶ್ವರನ ಅಧಿಕಾರ ಒಂದೇ ಲೋಕಕ್ಕೆ ಇಳಿಯಿತು. ಹೆಣವನ್ನು ತೋಪಿನ ಬಂಡಿಗೆ ಕಟ್ಟಿ ಶಿಬಿರಕ್ಕೆ ತಂದರು.

ಸಾಮಾನುಗಳ ನಡುವೆ ನಾಲ್ಕು ವರ್ಷದ ಒಂದು ಮಗು ಸಿಕ್ಕಿತು: ಧೋಂಡಿಯಾನ ಮಗ ಸಲಾಬತ್ ಖಾನ್. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ಕರೆಸಿ ಸಾಕಿದ, ಭಾರತ ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟುಹೋದ. ಆ ಹುಡುಗ ಯಾರ ಮೇಲೂ ಸೇಡು ತೀರಿಸಲಿಲ್ಲ. ನಮ್ಮ ಶಾಸ್ತ್ರಕ್ಕೆ ಇದು ತೀರಾ ಅನನುಕೂಲವಾದ ಸಾಕ್ಷ್ಯ. ವಿದ್ವಾಂಸರ ಸಂಪ್ರದಾಯದಂತೆ ಇದನ್ನು ಚರ್ಚಿಸದೆ ಮುಂದೆ ಹೋಗುತ್ತೇವೆ.

ಬಾಪು ಗೋಖಲೆಯ ಸೇಡು ತೀರಿತು. ತೀರಿಸಿಕೊಟ್ಟವರು ಮಾತ್ರ ಮನೆಗೆ ಹೋಗಲಿಲ್ಲ. 1817ರ ನವೆಂಬರ್ 5ರಂದು ಖಡಕಿಯಲ್ಲಿ ಪೇಶ್ವೆಯ ಸೇನಾಪತಿಯಾಗಿ ಅವನು ಅದೇ ಕಂಪನಿಯ ಎದುರು ನಿಂತ. ಮರುವರ್ಷ ಫೆಬ್ರವರಿಯಲ್ಲಿ ಅಷ್ಟಿಯಲ್ಲಿ, ಪೇಶ್ವೆ ಓಡಿಹೋದ ಮೇಲೂ ಹೋರಾಡಿ ಸತ್ತ. ಕನ್ನಡ ಸೀಮೆಯಲ್ಲಿ ಹದಿನೆಂಟು ವರ್ಷ ಹಿಂದೆ ಬೆನ್ನಟ್ಟಿದ್ದು ಯಾರನ್ನು, ಯಾರ ಸಲುವಾಗಿ ಎಂಬ ಪ್ರಶ್ನೆ ಆಗ ಅವನಿಗೆ ಹೊಳೆದಿತ್ತೇ ಎಂಬುದು ಶ್ಮಶ್ರುರಾಜನೀತಿಯ ವ್ಯಾಪ್ತಿಗೆ ಬರುವುದಿಲ್ಲ.

ಉಳಿದವನು ಚಿಂತಾಮಣರಾವ್. ಕುದುರೆ ದಂಡು ಕಳಿಸಿ ಚಾಕರಿ ಮಾಡೆಂದ ಕಂಪನಿಗೆ ಅವನು ಚಾಕರಿಯ ಬದಲು ಭೂಮಿಯನ್ನೇ ಬಿಟ್ಟುಕೊಟ್ಟ. ಸಾಂಗಲಿಯಲ್ಲಿ ಗಣಪತಿ ಗುಡಿ ಕಟ್ಟಿಸಿದ, ತೇರದಾಳ-ಶಿರಹಟ್ಟಿಗಳ ಕನ್ನಡಿಗರಿಂದ ಕಂದಾಯ ಪಡೆದ, 1851ರವರೆಗೂ ಬದುಕಿದ. ನಿಷ್ಠೆಯನ್ನು ಮೆಚ್ಚಿ ಕಂಪನಿ ಅವನಿಗೆ 1846ರಲ್ಲಿ ಒಂದು ಕತ್ತಿಯನ್ನು ಕಾಣಿಕೆ ಕೊಟ್ಟಿತು. ಅಷ್ಟರಲ್ಲಿ ಅದನ್ನು ಎತ್ತಬೇಕಾದ ಶತ್ರುಗಳೆಲ್ಲ ಸತ್ತಿದ್ದರು, ಕೊಟ್ಟವರನ್ನು ಬಿಟ್ಟು.