ನೆರಳಿನ ಪಾಠಕ್ಕೆ ಅಜ್ಜನ ಕಂಬಳಿ

ನೀಲಗುಂದದ ಕಡೆಯ ಒಂದು ಸರ್ಕಾರಿ ಶಾಲೆಯ ಮೇಷ್ಟ್ರಿಗೆ ವಿಡಿಯೊ ಹುಚ್ಚು ಹಿಡಿಸಿದ್ದು ಪಠ್ಯಪುಸ್ತಕದಲ್ಲಿ ಅಚ್ಚಾಗಿದ್ದ ಕ್ಯೂಆರ್ ಕೋಡು. 2017ರಲ್ಲಿ ಶುರುವಾದ, ಪಾಠದ ವಿಡಿಯೊಗಳಿರುವ ದೀಕ್ಷಾ ಆ್ಯಪಿನ ಕೀಲಿ ಅದು. ಮಕ್ಕಳ ಕಣ್ಣಿಗೆ ಮಾತ್ರ ಕೆಟ್ಟ ರಂಗೋಲಿ.

ಪ್ರೊಜೆಕ್ಟರ್ ಎರವಲು, ಡೇಟಾ ಸ್ವಂತದ್ದು, ಪಾಠ ಬೆಳಕು ಮತ್ತು ನೆರಳು. ಕೈಕೊಟ್ಟವನು ಸೂರ್ಯ. ಹರಪನಹಳ್ಳಿ ಸೀಮೆಯ ಹನ್ನೊಂದರ ಬಿಸಿಲು ಕದವಿಲ್ಲದ ಕಿಟಕಿಯಿಂದ ನುಗ್ಗಿ ಗೋಡೆಯ ಮೇಲಿನ ಚಿತ್ರವನ್ನು ನೀರುಮಜ್ಜಿಗೆ ಮಾಡಿಬಿಟ್ಟಿತು.

"ಗುಡಿಯಾಗೆ ಕತ್ಲು ಐತ್ರಿ ಸರ್, ಅಲ್ಲೇ ಹಾಕ್ರಿ" ಅಂದಳು ಒಬ್ಬಳು. ಭೀಮೇಶ್ವರ ಗುಡಿಯ ಮಾತು. ಸಲಹೆ ಚೆನ್ನಾಗಿತ್ತು, ಆದರೆ ಕಲ್ಯಾಣದ ಚಾಲುಕ್ಯರು ಪ್ಲಗ್ಗಿಗೆ ಜಾಗ ಬಿಟ್ಟಿರಲಿಲ್ಲ.

ಕೊನೆಗೆ ಒಬ್ಬ ಹುಡುಗ ಓಡಿಹೋಗಿ ಅಜ್ಜನ ಕಂಬಳಿ ತಂದ. ಮೊಳೆ ಯಾರೂ ತರಲಿಲ್ಲ. ಮೇಷ್ಟ್ರು ಬೆಂಚು ಹತ್ತಿ, ಎರಡೂ ಕೈ ಮೇಲೆತ್ತಿ, ತಾವೇ ಮೊಳೆಯಾದರು. ಕೋಣೆ ಕತ್ತಲಾಯಿತು, ಮಕ್ಕಳು ಹೋ ಎಂದರು, ವಿಡಿಯೊ ಶುರುವಾಯಿತು. ಅಷ್ಟರಲ್ಲಿ ಕಂಬಳಿಯ ಉಣ್ಣೆ ಮೂಗಿಗೆ ತಾಗಿತು. ಸೀನಿದರು, ಕಂಬಳಿ ಜಾರಿತು, ಬೆಳಗಾಯಿತು. ಮತ್ತೆ ಎತ್ತಿದರು, ಇರುಳು. ಮತ್ತೆ ಸೀನು. ಆರು ನಿಮಿಷದಲ್ಲಿ ಮಕ್ಕಳು ನಾಲ್ಕು ಹಗಲು, ಐದು ರಾತ್ರಿ ಕಂಡರು. ಅದು ಮುಂದಿನ ಪಾಠ.

ವಿಡಿಯೊದ ಅಕ್ಕನಿಗೆ ಇದ್ಯಾವುದರ ಪರಿವೆಯೂ ಇಲ್ಲ. "ಮಕ್ಕಳೇ, ನಿಮ್ಮ ಬಾಲ್ಕನಿಯಲ್ಲಿ ನಿಂತು ನೋಡಿ" ಎಂದಳು. "ಬಾಲ್ಕನಿ ಅಂದ್ರೇನ್ರಿ ಸರ್?" "ಮಾಳಿಗಿ ಅಂದ್ಕೊಳ್ರಲೇ" ಎಂದಿತು ಕಂಬಳಿ. ಬೆಂಗಳೂರಿನ ಫ್ಲ್ಯಾಟಿನಿಂದಾಚೆಗೂ ನೆರಳು ಬೀಳುತ್ತದೆಂದು ಈ ವಿಡಿಯೊ ಮಾಡುವವರಿಗೆ ಯಾರು ಹೇಳಬೇಕೋ!

ಪರದೆಯಿಂದ ಪಾಠ ಹೇಳಿಸುವ ಈ ಹುಚ್ಚು ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿತ್ತು. ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಆಂಟೆನಾ ಕೋಳಿಗೂಡಿನ ಜಾಲರಿಯದು. ವರ್ಷ ತುಂಬಿತು, ಉಪಗ್ರಹ ವಾಪಸು ಹೋಯಿತು. 2004ರಲ್ಲಿ ನಮ್ಮದೇ ಎಜುಸ್ಯಾಟ್ ಹಾರಿ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಇಳಿಸಿತು. 2020ರಲ್ಲಿ ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗ, ಈ ಮಕ್ಕಳ ಅಣ್ಣ ಅಕ್ಕಂದಿರಲ್ಲಿ ಕೆಲವರ ಮನೆಯ ಒಂದೇ ಫೋನು ಅಪ್ಪನ ಜೇಬಿನಲ್ಲಿತ್ತು; ಅಪ್ಪ ಗುಳೆ ಹೋಗಿದ್ದ.

ಇತ್ತ ಬೆಳಕಿನ ಕೋಲಿಗೆ ಯಾವನೋ ಕೈ ಅಡ್ಡ ಹಿಡಿದ. ಗೋಡೆಯ ಮೇಲೆ, ಅಕ್ಕನ ಮುಖದ ಮೇಲೆಯೇ, ಒಂದು ನಾಯಿ ಬಾಯಿ ತೆರೆಯಿತು. ಹಿಂದೆಯೇ ಮೊಲ, ಹದ್ದು, ಏನೆಂದು ಹೇಳಲಾಗದ ಇನ್ನೊಂದು. "ಕೈ ದೀಪದ ಹತ್ರ ಒಯ್ದ್ರೆ ನಾಯಿ ದೊಡ್ದಾಗತೈತಿ!" ಎಂದು ಹುಡುಗಿಯೊಬ್ಬಳು ಕಿರುಚಿದಳು. ಅದನ್ನೇ ಹೇಳಲು ಅಕ್ಕ ಇನ್ನೂ ಪೀಠಿಕೆ ಹಾಕುತ್ತಿದ್ದಳು. ನಿಲ್ಲಿಸಬೇಕಾದ ಮೇಷ್ಟ್ರ ಕೈಗಳೆರಡೂ ಕಂಬಳಿಯಲ್ಲಿದ್ದವು. ನಿಲ್ಲಿಸುವ ಮನಸ್ಸೂ ಇರಲಿಲ್ಲವೆನ್ನಿ.

ವರದಿಗೆ ಫೋಟೊ ಬೇಕೆಂದು ಮೇಲಿನಿಂದ ಮೆಸೇಜು ಬಂದಿತ್ತು. ತೆಗೆದವನು ಹಿಂದಿನ ಬೆಂಚಿನವನು: ಗೋಡೆ ತುಂಬ ನಾಯಿ, ಮೂಲೆಯಲ್ಲಿ ಒಂದು ಕಂಬಳಿ, ಅದರಡಿ ಎರಡು ಕಾಲು. ಮೇಷ್ಟ್ರು ಅದನ್ನೇ ಕಳಿಸಿ, ಕೆಳಗೆ "ಚಟುವಟಿಕೆ ಆಧಾರಿತ ಕಲಿಕೆ" ಎಂದು ಷರಾ ಬರೆದರು.